ನಿಂಬೆವ್ವನ ರೊಟ್ಟಿ ಸುಟ್ಟ ದಿನ

ಇಜೇರಿಯ ನಿಂಬೆವ್ವನ ರೊಟ್ಟಿ ಸುಟ್ಟು ಕರಕಾಯಿತು ಎಂದರೆ ಅದು ಸಣ್ಣ ಸುದ್ದಿಯೇನಲ್ಲ. ಮೂವತ್ತು ವರ್ಷದಿಂದ ಹಂಚಿನ ಮುಂದೆ ಕೂತ ಹೆಂಗಸು ಆಕೆ. ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡುತ್ತಿರಲಿಲ್ಲ, ಮೂಗಿನಿಂದ ತಿಳಿದುಕೊಳ್ಳುತ್ತಿದ್ದಳು. ಮಾತಾಡುತ್ತ, ನಗುತ್ತ, ಅತ್ತ ತಿರುಗಿ ಎಮ್ಮೆಗೆ ಬೈಯುತ್ತ ಕೂತಿದ್ದರೂ ಜೋಳದ ಹಿಟ್ಟು ಬೆಂದ ವಾಸನೆ ಬಂದ ಕೂಡಲೇ ಆಕೆಯ ಕೈ ತಾನಾಗಿ ಹೋಗಿ ರೊಟ್ಟಿ ತಿರುವುತ್ತಿತ್ತು.

ಅಂಥ ನಿಂಬೆವ್ವನ ಹಂಚಿನ ಮೇಲೆ, ಕೊರೋನಾದ ಎರಡನೇ ವರ್ಷದ ಬೇಸಿಗೆಯಲ್ಲಿ, ಒಂದು ಮುಂಜಾನೆ ರೊಟ್ಟಿ ಕಪ್ಪಾಗಿ ಹೊಗೆ ಎದ್ದಿತು. ಆಕೆ ಅದರ ಮುಂದೆಯೇ ಕೂತಿದ್ದಳು. ಮುಂದಿನ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಪಡಸಾಲೆಯಿಂದ ಮಗಳು ಅನುರಾಧಾ ಕೂಗಿದಾಗಲೇ ಗೊತ್ತಾದದ್ದು.

“ಅವ್ವಾ, ರೊಟ್ಟಿ ಸುಡಾಕತ್ತದ ಬೇ! ನಿನಗ ವಾಸನಿ ಬರಾಕತ್ತಿಲ್ಲೇನು?”

ನಿಂಬೆವ್ವ ಹಂಚಿನ ಕಡೆ ನೋಡಿದಳು. ಹೊಗೆ ಕಣ್ಣಿಗೆ ಕಾಣುತ್ತಿತ್ತು. ಮೂಗಿಗೆ ಮಾತ್ರ ಏನೂ ಇಲ್ಲ. ಬಗ್ಗಿ ಇನ್ನೊಮ್ಮೆ ಮೂಸಿದಳು. ಆಗಲೂ ಇಲ್ಲ.

“ಏನಿಲ್ಲವ್ವ, ನನ್ನ ಧ್ಯಾನ ಎಲ್ಲೋ ಇತ್ತು,” ಎಂದು ಸುಟ್ಟ ರೊಟ್ಟಿಯನ್ನು ಎಮ್ಮೆಯ ಮುಂದೆ ಒಗೆದು ಬಂದಳು. ಎಮ್ಮೆಯೂ ಅದನ್ನು ಮೂಸಿ ನೋಡಿ ಮುಖ ತಿರುಗಿಸಿತು.

ಧ್ಯಾನ ಎಲ್ಲೋ ಇದ್ದದ್ದು ಸುಳ್ಳಲ್ಲ. ಅನುರಾಧಾಳನ್ನು ಆಳಂದದ ಕಡೆ ಕೊಟ್ಟಿದ್ದರು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ಸೀಮಂತದ ಕುಬಸ ಮುಗಿಸಿ ಕರೆತಂದಿದ್ದರು. ಈಗ ಒಂಬತ್ತನೇ ತಿಂಗಳು. ಬಾಣಂತಿ ಇರುವ ಮನೆಗೆ ಬಂದು ಹೋಗುವವರು ಬಹಳ, ಅವರಿಗೆಲ್ಲ ಊಟಕ್ಕೆ ಇಡಬೇಕು ಎಂದು ನಿಂಬೆವ್ವ ತಿಂಗಳುಗಟ್ಟಲೆ ಕೆಡದ ಕಡಕ ರೊಟ್ಟಿ ಬಡಿದು ಬುಟ್ಟಿ ತುಂಬಿಸುತ್ತಿದ್ದಳು. ಹೋದ ವಾರ ಪಕ್ಕದ ಮನೆಯ ಸುಂದರಬಾಯಿ ಬಂದು ಜತೆಗೆ ಕೂತಿದ್ದಳು. ಒಬ್ಬಳು ಬಡಿಯುವುದು, ಒಬ್ಬಳು ಬೇಯಿಸುವುದು, ಇಬ್ಬರ ನಡುವೆ ಒಂದೇ ಒಲೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಸುಂದರಬಾಯಿಗೆ ಕೆಮ್ಮು ಇತ್ತು. “ಹಿಟ್ಟಿನ ಧೂಳವ್ವ,” ಎಂದಿದ್ದಳು. ನಿಂಬೆವ್ವ ನಂಬಿದ್ದಳು. ಹಿಟ್ಟಿನ ಧೂಳಿಗೆ ಯಾರು ತಾನೇ ಕೆಮ್ಮುವುದಿಲ್ಲ? ಅದೂ ಅಲ್ಲದೆ ಬೇನೆ ಬರುವುದು ದೂರದವರಿಂದ, ಪರವೂರಿನವರಿಂದ. ಒಂದೇ ಒಲೆಗೆ ಕೂತ ಸ್ವಂತ ಮಂದಿಯಿಂದ ಬರುವುದುಂಟೆ?

ರೊಟ್ಟಿ ಸುಟ್ಟ ದಿನ ಮಧ್ಯಾಹ್ನ ಸಾರು ಸಪ್ಪೆ ಅನ್ನಿಸಿತು. ಇನ್ನಷ್ಟು ಉಪ್ಪು ಹಾಕಿದಳು. ಅನುರಾಧಾ ಒಂದು ತುತ್ತು ಬಾಯಿಗಿಟ್ಟು ಹೊರಗೆ ಹೋಗಿ ಉಗುಳಿ ಬಂದಳು.

ಇದಕ್ಕೂ ನಿಂಬೆವ್ವನಿಗೆ ಒಂದು ಕಾರಣ ಸಿಕ್ಕಿತು. ಗಂಡ ಭೀಮಶಾನ ಕಷಾಯ. ಮೆಣಸು, ಶುಂಠಿ, ಲವಂಗ ಹಾಕಿ ಕುದಿಸಿದ ಆ ಕರಿ ನೀರನ್ನು ದಿನಕ್ಕೆ ಆರು ಸಲ ಕುಡಿಸುತ್ತಿದ್ದ. ನಾಲಗೆ ಸುಟ್ಟಿರಬೇಕು. ಮೈ ಕೈ ನೋವಿಗೆ ಕಾರಣ ರೊಟ್ಟಿ ಬಡಿದದ್ದು. ಸಣ್ಣಗೆ ಮೈ ಬಿಸಿ ಇದ್ದದ್ದಕ್ಕೆ ಕಾರಣ ಜೇವರ್ಗಿ ತಾಲೂಕಿನ ಬಿಸಿಲು. ಮೂಗು ಸತ್ತದ್ದಕ್ಕೆ ಕಾರಣ ಒಲೆಯ ಹೊಗೆ. ಒಂದೊಂದಕ್ಕೂ ಒಂದೊಂದು ಕಾರಣ ಹೊಂದಿಸಿಟ್ಟಳು. ಎಲ್ಲವನ್ನೂ ಒಟ್ಟಿಗೆ ನೋಡುವ ಧೈರ್ಯ ಮಾತ್ರ ಆಕೆಗೆ ಬರಲಿಲ್ಲ.

ಯಾರನ್ನಾದರೂ ಕೇಳೋಣವೆಂದರೆ ಹೇಳುವವರಿಗೇನು ಕಡಿಮೆ? ಊರಿಗೆ ಊರೇ ಆಗ ಡಾಕ್ಟರಾಗಿತ್ತು. ಭೀಮಶಾ ಹೊಲಕ್ಕೆ ಹೋದರೂ ಫೋನು ಬಿಡುತ್ತಿರಲಿಲ್ಲ, ಬಂದ ಸುದ್ದಿಯನ್ನೆಲ್ಲ ಮನೆಗೆ ಬಂದು ಓದಿ ಹೇಳುತ್ತಿದ್ದ. ಮುಂಜಾನೆ ಬಂದ ಸುದ್ದಿ ಬಿಸಿನೀರು ಬಿಟ್ಟು ಏನೂ ಕುಡಿಯಬೇಡಿ ಎನ್ನುತ್ತಿತ್ತು. ಸಂಜೆ ಬಂದದ್ದು ಬಿಸಿನೀರಿನಿಂದ ಗಂಟಲು ಹಾಳು ಎನ್ನುತ್ತಿತ್ತು. ಒಂದು ದಿನ ಮೂಗಿಗೆ ಲಿಂಬೆರಸ ಬಿಟ್ಟುಕೊಳ್ಳಿ ಎಂದು ಬಂತು. ಭೀಮಶಾ ಬಿಟ್ಟುಕೊಂಡು ಅರ್ಧ ತಾಸು ಸೀನಿ, ಕಣ್ಣು ಕೆಂಪಗೆ ಮಾಡಿಕೊಂಡು, “ನೋಡು, ಒಳಗಿದ್ದದ್ದೆಲ್ಲ ಹೊರಗ ಬಂತು,” ಎಂದು ಎದೆ ತಟ್ಟಿಕೊಂಡ. ಕಿರಾಣಿ ಅಂಗಡಿಯ ಹುಸೇನಸಾಬರು ಅರ್ಧ ಬಾಗಿಲು ಎಳೆದುಕೊಂಡು, “ಬೇನಿ ಗೀನಿ ಏನಿಲ್ಲವ್ವ, ಹವಾ ಬದಲಾಗ್ಯದ ಅಷ್ಟೇ,” ಎಂದರು. ಹಾಗಿದ್ದರೆ ಇವರೇಕೆ ಸಾಮಾನನ್ನು ಕೋಲಿಗೆ ಕಟ್ಟಿದ ಬುಟ್ಟಿಯಲ್ಲಿಟ್ಟು ಕೊಡುತ್ತಾರೆ ಎಂದು ನಿಂಬೆವ್ವನಿಗೆ ತಿಳಿಯಲಿಲ್ಲ. ಟಿವಿ ಹಚ್ಚಿದರೆ ಸತ್ತವರ ಲೆಕ್ಕ.

ಗಾಣಗಾಪುರದಲ್ಲಿ ಗುಡಿಯ ಹತ್ತಿರ ತೆಂಗಿನಕಾಯಿ ಅಂಗಡಿ ಇಟ್ಟ ಮೈದುನ ಗುರುಪಾದ ಫೋನು ಮಾಡಿದಾಗ, ನಿಂಬೆವ್ವ ಬೇರೆ ಯಾರದೋ ಮಾತು ಎಂಬಂತೆ ಕೇಳಿದಳು, “ಒಬ್ಬಾಕಿಗಿ ವಾಸನಿ ಹೋಗ್ಯದಂತ. ಏನ್ ಮಾಡಬೇಕಪಾ?”

“ಟೆಸ್ಟ್ ಒಂದ್ ಮಾಡಿಸಬ್ಯಾಡ ಅನ್ರಿ ವೈನಿ,” ಎಂದ ಗುರುಪಾದ. “ಟೆಸ್ಟ್ ಮಾಡಿದ್ರ ಗಾಡಿ ಬರ್ತದ. ಗಾಡಿ ಹತ್ತಿದವರು ವಾಪಸ್ ಬರಂಗಿಲ್ಲ. ನಾ ಕೇಳೇನಿ.”

ಯಾರಿಂದ ಕೇಳಿದೆ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಆದರೆ ಆ ಮಾತು ನಿಂಬೆವ್ವನ ಎದೆಯಲ್ಲಿ ಕೂತುಬಿಟ್ಟಿತು. ತನ್ನನ್ನು ಗಾಡಿಯಲ್ಲಿ ಒಯ್ದರೆ ಮಗಳ ಬಾಣಂತನ ಮಾಡುವವರು ಯಾರು? ಮೊದಲ ಹೆರಿಗೆ. ನೋವು ಬಂದಾಗ ಕೈ ಹಿಡಿಯಲು ಹಡೆದವ್ವ ಇರಬಾರದೇ? ಇನ್ನೊಂದು ಮಗ್ಗುಲಿಗೆ ಹೊರಳಿದರೆ ಇನ್ನೊಂದು ಅಂಜಿಕೆ. ತನ್ನ ಮೈಯಲ್ಲಿ ಆ ಬೇನೆ ಇದ್ದದ್ದೇ ಖರೆಯಾದರೆ, ಮಗಳಿಗೆ ದಿನಾ ಎಣ್ಣೆ ಹಚ್ಚಿ ತಲೆ ಬಾಚುವ ಕೈಯೂ ಇದೇ ಅಲ್ಲವೇ? ಹೇಳಿದರೂ ಮಗಳಿಗೆ ಕೇಡು, ಹೇಳದಿದ್ದರೂ ಮಗಳಿಗೆ ಕೇಡು. ಯಾವ ಕಡೆ ಕಾಲಿಡಬೇಕೋ ತಿಳಿಯದೆ ನಿಂಬೆವ್ವ ಕಾಲಿಡದೆ ನಿಂತಳು. ನಾಲ್ಕು ದಿನ ಹಾಗೇ ಹೋಯಿತು. ನಿದ್ದೆ ಹೋಯಿತು. ಕೂತಲ್ಲಿ ಎದೆ ಡಬಡಬ ಹೊಡೆದುಕೊಳ್ಳತೊಡಗಿತು.

ಐದನೇ ದಿನ ಮುಂಜಾನೆ ಹತ್ತರ ಹೊತ್ತಿಗೆ ಆಶಾ ಕಾರ್ಯಕರ್ತೆ ಪಂಚಶೀಲಾ ಬಂದಳು. ಗುಲಾಬಿ ಸೀರೆ, ಮುಖಕ್ಕೆ ಮಾಸ್ಕು, ಹೆಗಲಿಗೆ ಚೀಲ. ಅಂಗಳದ ಬೇವಿನ ಗಿಡದ ನೆರಳಲ್ಲಿ ನಿಂತಳು. ಆರು ವರ್ಷದಿಂದ ಈ ಮನೆಗೆ ಬರುತ್ತಿದ್ದವಳು ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದಳು. ನಿಂಬೆವ್ವ ಆಕೆಯನ್ನು ಒಮ್ಮೆಯೂ ಒಳಗೆ ಕರೆದವಳಲ್ಲ. ಯಾಕೆ ಎಂದು ಆ ಓಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಜಾತಿಯ ಮಾತು, ಎಲ್ಲರಿಗೂ ಗೊತ್ತಿದ್ದದ್ದೇ.

“ಅನುರಾಧಾ, ಹ್ಯಾಂಗಿದ್ದಿಯವ್ವಾ? ಕೂಸು ಹೊಟ್ಟ್ಯಾಗ ಚಲೋ ಆಡಾಕತ್ತದೇನು?”

“ಒದ್ದು ಒದ್ದು ಸಾಕ ಮಾಡ್ಯದ್ರಿ ಅಕ್ಕಾ,” ಎಂದು ಅನುರಾಧಾ ಹೊಸ್ತಿಲಲ್ಲಿ ನಿಂತು ನಕ್ಕಳು.

“ಮನ್ಯಾಗ ಯಾರಿಗರೆ ಜ್ವರ, ಕೆಮ್ಮು, ನೆಗಡಿ ಅದ ಏನ್ರಿ ಅಕ್ಕಾರ?”

“ಯಾರಿಗೂ ಇಲ್ಲ,” ಎಂದಳು ನಿಂಬೆವ್ವ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

ಅನುರಾಧಾಳಿಗೆ ಇದೆಲ್ಲ ತಮಾಷೆ. “ಜ್ವರ ಇಲ್ರಿ. ಆದ್ರ ನಮ್ಮವ್ವ ನಾಕ ದಿನದಿಂದ ರೊಟ್ಟಿ ಸುಡಾಕತ್ತಾಳ. ಸಾರಿಗಿ ಎರಡೆರಡ ಸಲ ಉಪ್ಪ ಹಾಕ್ತಾಳ. ಕೂಸಿಗಿ ಆಯಿ ಆಗೋದಕ್ಕ ಮೊದಲೇ ಅರಳು ಮರಳು!”

ಪಂಚಶೀಲಾ ನಗಲಿಲ್ಲ. ಮಾಸ್ಕಿನ ಮೇಲಿನ ಎರಡು ಕಣ್ಣು ನಿಂಬೆವ್ವನ ಮೇಲೆ ನಿಂತವು. ಅಷ್ಟು ಸಾಕಾಯಿತು. ನಿಂಬೆವ್ವನ ಎದೆ ಹೊಡೆದುಕೊಳ್ಳತೊಡಗಿತು, ಕೈ ಜುಮುಗುಟ್ಟಿತು, ಗಂಟಲು ಕಟ್ಟಿತು. ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತಳು.

“ಯವ್ವಾ ಪಂಚಶೀಲಾ, ನನ್ನ ಉಸುರು ಹೊಂಟ್ತು! ಒಳಗ ಬಾರವ್ವ, ಒಳಗ ಬಾ!”

ಆರು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಕರೆ ಅದು. ಪಂಚಶೀಲಾ ಒಂದು ಹೆಜ್ಜೆ ಮುಂದಿಟ್ಟು ನಿಂತಳು.

“ಬರ್ತಿದ್ನೆರಿ ಅಕ್ಕಾರ. ಇವತ್ತೊಂದಿನ ಮಾತ್ರ ಬರಂಗಿಲ್ಲ. ನಾ ಇನ್ನಾ ಹತ್ತು ಮನಿಗಿ ಹೋಗಬೇಕು, ಅದರಾಗ ನಾಕು ಬಸುರಿ ಹೆಣ್ಮಕ್ಕಳಿದ್ದಾರ. ಅನುರಾಧಾ, ನೀ ಮಾಸ್ಕ್ ಹಾಕ್ಕೊಂಡು ಹೊರಗ ಬಾ, ಈ ನೆಳ್ಳಾಗ ಕೂಡು.” ಆಮೇಲೆ ಚೀಲದಿಂದ ಒಂದು ಸಣ್ಣ ಡಬ್ಬಿಯಂಥದ್ದನ್ನು ತೆಗೆದು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. “ಅದು ರಕ್ತದಾಗಿನ ಆಕ್ಸಿಜನ್ ಅಳೀತದ, ಬೆರಳಿಗಿ ಹಾಕ್ಕೋರಿ. ಕೈ ಒರಸ್ಕೊಂಡು ಹಾಕ್ಕೋರಿ, ಹಿಟ್ಟು ಹತ್ಯದ. ಈಗ ನಾ ಹೇಳಿದಂಗ ಉಸಿರು ತಗೋರಿ. ಬೀಸೋ ಕಲ್ಲು ತಿರುವಿದಂಗ. ಅರ್ಧ ಸುತ್ತಿಗಿ ಒಳಗ, ಉಳಿದರ್ಧಕ್ಕ ಹೊರಗ. ಗಡಬಡಿ ಬ್ಯಾಡ.”

ನಿಂಬೆವ್ವ ಕಣ್ಣು ಮುಚ್ಚಿ ಕಲ್ಲು ತಿರುವಿದಳು. ಹತ್ತು ಸುತ್ತು, ಹನ್ನೆರಡು ಸುತ್ತು. ಗಂಟಲು ಸಡಿಲಾಯಿತು.

“ಎಷ್ಟು ತೋರಸಾಕತ್ತದ?”

“ತೊಂಬತ್ತೇಳು.”

“ಬರೋಬ್ಬರಿ ಅದ. ತೊಂಬತ್ನಾಕಕ್ಕಿಂತ ಕೆಳಗ ಬಂತಂದ್ರ ದವಾಖಾನಿಗಿ ಓಡಬೇಕು. ನಿಮ್ಮ ಉಸುರು ಎಲ್ಲೂ ಹೋಗಿಲ್ಲ. ಈಗ ಆದದ್ದು ಅಂಜಿಕಿ. ಬಾಳ ಅಂಜಿದ್ರ ಎದಿ ಬಡೀತದ, ಕೈ ಜುಮುಜುಮು ಅಂತದ, ಸತ್ತೇ ಹೋಗ್ತೇನಿ ಅನಸ್ತದ.”

“ಅಂದ್ರ ನನಗ ಕೊರೋನಾ ಇಲ್ಲ?” ಎಂದು ನಿಂಬೆವ್ವ ಆಸೆಯಿಂದ ಕೇಳಿದಳು.

“ಹಂಗ ನಾ ಹ್ಯಾಂಗ ಹೇಳ್ಲಿ? ಅಂಜಿಕಿ ಬ್ಯಾರೆ, ಬ್ಯಾನಿ ಬ್ಯಾರೆ. ಎರಡೂ ಒಮ್ಮೆಲೇ ಇದ್ರೂ ಇರ್ತಾವ. ಒಂದು ಬಳ್ಳೊಳ್ಳಿ ಜಜ್ಜಿ ಮೂಸಿ ನೋಡ್ರಿ.”

ನಿಂಬೆವ್ವ ಬೆಳ್ಳುಳ್ಳಿ ತಂದು ಹೊಸ್ತಿಲ ಮೇಲಿಟ್ಟು ಜಜ್ಜಿದಳು. ನೆರಳಲ್ಲಿ ಕೂತ ಅನುರಾಧಾಳಿಗೂ ಆ ಘಾಟು ಮುಟ್ಟಿತು. ನಿಂಬೆವ್ವ ಅದನ್ನು ಮೂಗಿಗೇ ಒತ್ತಿಕೊಂಡಳು. ಸುಳ್ಳು ಹೇಳಬೇಕು ಅನ್ನಿಸಿತು. ಬರುತ್ತದೆ ಎಂದುಬಿಟ್ಟರೆ ಮುಗಿಯಿತು. ಅಷ್ಟರಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ ಮಗಳ ಮುಖ ಕಂಡಿತು. ಅಲ್ಲಿ ಈಗ ನಗು ಇರಲಿಲ್ಲ.

“ಏನೂ ಬರವಲ್ದು ಯವ್ವಾ,” ಎಂದಳು ನಿಂಬೆವ್ವ. “ರೊಟ್ಟಿ ಸುಟ್ಟ ದಿನದಿಂದಾನೂ ಬರವಲ್ದು.” ಹೇಳಿ ಅತ್ತುಬಿಟ್ಟಳು.

ಆ ಹೊತ್ತಿಗೆ ಹೊಲದಿಂದ ಭೀಮಶಾ ಬಂದ. ಹೆಂಡತಿ ಹೊಸ್ತಿಲಲ್ಲಿ ಅಳುವುದು, ಮಗಳು ಗಿಡದ ಕೆಳಗೆ ಕೂತಿರುವುದು ನೋಡಿ ಅವನಿಗೆ ಸಿಟ್ಟು ಬಂತು. ಅಂಜಿದ ಗಂಡಸರಿಗೆ ಮೊದಲು ಸಿಟ್ಟೇ ಬರುತ್ತದೆ.

“ಏನೂ ಆಗಿಲ್ಲ ಆಕಿಗಿ! ಕಷಾಯ ಕುಡಿದು ನಾಲಿಗಿ ಸುಟ್ಟದ ಅಷ್ಟೇ. ಟೆಸ್ಟು ಪೆಸ್ಟು ಬ್ಯಾಡ. ನಮ್ಮ ಗುರುಪಾದ ಹೇಳ್ಯಾನ, ಒಯ್ದವರು ವಾಪಸ್ ಬರಂಗಿಲ್ಲ ಅಂತ.”

“ಹೋದ ತಿಂಗಳು ನಮ್ಮೂರಿಂದ ಹನ್ನೊಂದು ಮಂದಿನ್ನ ನಾನೇ ಗಾಡಿ ಹತ್ತಿಸೇನಿ ಕಾಕಾ,” ಎಂದಳು ಪಂಚಶೀಲಾ. “ಒಂಬತ್ತು ಮಂದಿ ನಡಕೊಂಡು ಮನಿಗಿ ಬಂದಾರ. ಇಬ್ಬರು ಬರಲಿಲ್ಲ, ಖರೇ ಅದ, ನಾ ಮುಚ್ಚಿಡಂಗಿಲ್ಲ. ಆ ಇಬ್ಬರೂ ಮನ್ಯಾಗ ಮುಚ್ಚಿಟ್ಟುಕೊಂಡು, ಉಸುರು ಹೊಂಟ ಮ್ಯಾಲ ನನ್ನ ಕರದಿದ್ರು.”

ಭೀಮಶಾ ಆದರೂ ಬಿಡಲಿಲ್ಲ. “ಆತು, ಬ್ಯಾನಿನೇ ಅಂತ ತಿಳಕೋ. ಎಷ್ಟು ದಿನ ಬ್ಯಾರೆ ಇರಬೇಕು? ಒಬ್ಬರು ಹದಿನಾಕು ಅಂತಾರ, ಒಬ್ಬರು ಹದಿನೇಳು ಅಂತಾರ, ನನ್ನ ಫೋನಿನ್ಯಾಗ ಇಪ್ಪತ್ತೆಂಟು ಅಂತ ಬಂದದ. ಯಾವುದು ಖರೇ? ಹೇಳು ನೋಡಮು!”

ಪಂಚಶೀಲಾ ಹಣೆಯ ಬೆವರು ಒರೆಸಿಕೊಂಡಳು.

“ನನಗ ಗೊತ್ತಿಲ್ರಿ ಕಾಕಾ,” ಎಂದಳು.



“ಮನ್ಯಾಗ ತುಂಬಿದ ಬಸುರಿ ಇದ್ದಾಗ ಎಷ್ಟು ದಿನ ಅಂತ ನನಗ ಗೊತ್ತಿಲ್ಲ. ಹೇಳೋದು ಬದಲಾಗ್ಕೋತ ಬರಾಕತ್ತದ, ನನಗೂ ತಲಿ ತಿರುಗ್ತದ. ಗೊತ್ತಿಲ್ಲದ್ದು ಗೊತ್ತದ ಅಂತ ಹೇಳಂಗಿಲ್ಲ. ನಿಲ್ಲರಿ, ಡಾಕ್ಟರ ಬಾಯಿಯವರಿಗಿ ಕೇಳ್ತೇನಿ.”

ನಿಂಬೆವ್ವ ತಲೆ ಎತ್ತಿ ನೋಡಿದಳು. ಆ ತಿಂಗಳಲ್ಲೆಲ್ಲ ಇಜೇರಿಯಲ್ಲಿ ‘ಗೊತ್ತಿಲ್ಲ’ ಎಂದ ಒಂದೇ ಒಂದು ಬಾಯಿ ಅದು. ಹುಸೇನಸಾಬರಿಗೆ ಗೊತ್ತಿತ್ತು, ಗುರುಪಾದನಿಗೆ ಗೊತ್ತಿತ್ತು, ಫೋನಿಗಂತೂ ಎಲ್ಲವೂ ಗೊತ್ತಿತ್ತು. ಎಲ್ಲ ಬಲ್ಲವರ ಮಾತು ಕೇಳಿ ಕೇಳಿ ಆಕೆಯ ತಲೆ ಗೋಜಲಾಗಿತ್ತು. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದ ಈ ಹುಡುಗಿಯ ಮಾತಿಗೆ ಮಾತ್ರ ಯಾಕೋ ಎದೆ ತಣ್ಣಗಾಯಿತು. ಇವಳು ಗೊತ್ತಿದೆ ಎಂದದ್ದನ್ನು ನಂಬಬಹುದು ಅನ್ನಿಸಿತು.

ಡಾಕ್ಟರ ಬಾಯಿ ಎಂದರೆ ಆರೋಗ್ಯ ಕೇಂದ್ರದ ಹೆಣ್ಣು ಡಾಕ್ಟರು. ಅವರ ದನಿ ಫೋನಿನಿಂದ ಎಲ್ಲರಿಗೂ ಕೇಳುವಂತೆ ಬಂತು. ಈ ಹೊತ್ತೇ ಮೂವರೂ ಪರೀಕ್ಷೆ ಮಾಡಿಸಬೇಕು. ಫಲಿತಾಂಶಕ್ಕೆ ಕಾಯದೆ ನಿಂಬೆವ್ವ ಬೇರೆ ಕೋಣೆಯಲ್ಲಿರಬೇಕು. ಮನೆಯಲ್ಲಿ ಬಸುರಿ ಇರುವುದರಿಂದ ಒಳಗೆ ಹೋದ ದಿನದಿಂದ ಪೂರ್ತಿ ಹದಿನಾಲ್ಕು ದಿನ, ಒಂದು ದಿನವೂ ಕಡಿಮೆ ಇಲ್ಲ. ಸಣ್ಣ ಜ್ವರವಿದ್ದು, ಉಸಿರಿನ ಅಂಕಿ ಚೆನ್ನಾಗಿದ್ದರೆ ಮನೆಯಲ್ಲೇ ಇರಬಹುದು, ಗಾಡಿ ಬರುವುದಿಲ್ಲ. “ಮೂಗಿಗೆ ಲಿಂಬೆರಸ ಹಾಕಿಕೊಂಡವರು ಯಾರಾದರೂ ಇದ್ದರೆ ಇವತ್ತೇ ನಿಲ್ಲಿಸಲಿ, ಜೀವಕ್ಕೆ ಅಪಾಯ,” ಎಂದೂ ಹೇಳಿದರು. ಭೀಮಶಾ ಗಿಡದ ಟೊಂಗೆಗಳನ್ನು ಎಣಿಸುತ್ತ ನಿಂತ.

“ಹೋದ ವಾರ ನಿಮ್ಮ ಹತ್ತಿರ ಯಾರು ಕೂತಿದ್ರು ಅಕ್ಕಾರ?” ಎಂದು ಪಂಚಶೀಲಾ ಕೇಳಿದಳು.

ನಿಂಬೆವ್ವ ತಡವರಿಸಿದಳು. ಗೆಳತಿಯ ಹೆಸರು ಹೇಳುವುದೆಂದರೆ ಚಾಡಿ ಹೇಳಿದ ಹಾಗಲ್ಲವೇ? ನಾಳೆ ಸುಂದರಬಾಯಿ ಮುಖ ನೋಡಿಯಾಳೇ? ಕೊನೆಗೆ ಕಣ್ಣು ಮುಚ್ಚಿ ಹೇಳಿಬಿಟ್ಟಳು. ಪಂಚಶೀಲಾ ಅಲ್ಲಿಂದ ನೇರವಾಗಿ ಪಕ್ಕದ ಮನೆಗೆ ಹೋದಳು. ಸುಂದರಬಾಯಿಯ ಬೆರಳಿಗೆ ಅದೇ ಡಬ್ಬಿಯನ್ನು ಒರೆಸಿ ಹಾಕಿಸಿದಾಗ ಬಂದದ್ದು ತೊಂಬತ್ತೊಂದು. ಆಕೆ ಆಗಲೂ ಹಿಟ್ಟಿನ ಧೂಳು ಅನ್ನುತ್ತಲೇ ಇದ್ದಳಂತೆ. ಆ ದಿನವೇ ಜೇವರ್ಗಿಗೆ ಕರೆದೊಯ್ದರು. ಆರು ದಿನ ಆಮ್ಲಜನಕ ಹಾಕಿ, ಗುಣಪಡಿಸಿ ಕಳಿಸಿದರು. ಇನ್ನೆರಡು ದಿನ ತಡವಾಗಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು.

ನಿಂಬೆವ್ವನಿಗೆ ಬೇನೆ ಇದೆ ಎಂದು ಬಂತು. ಅನುರಾಧಾಳಿಗೆ ಇಲ್ಲ, ಭೀಮಶಾನಿಗೂ ಇಲ್ಲ. ಐದು ದಿನ ಬಿಟ್ಟು ಮತ್ತೊಮ್ಮೆ ನೋಡಿದರು, ಆಗಲೂ ಇಲ್ಲ. ಆ ಮಾತು ಕೇಳಿದಾಗ ನಿಂಬೆವ್ವ ನೆಲಕ್ಕೆ ಹಣೆ ಹಚ್ಚಿದಳು.

ತೊಗರಿ ಚೀಲ ಇಡುತ್ತಿದ್ದ ಹಿತ್ತಲ ಕೋಣೆಯೇ ಆಕೆಯ ಮನೆಯಾಯಿತು. ಅದಕ್ಕೊಂದು ಕಿಟಕಿ ಇತ್ತು, ಹಗಲು ರಾತ್ರಿ ತೆರೆದೇ ಇಡಬೇಕೆಂದು ಪಂಚಶೀಲಾ ಹೇಳಿದ್ದಳು. ಊಟದ ತಾಟು, ಚರಿಗೆ, ಹಾಸಿಗೆ ಎಲ್ಲ ಬೇರೆ. ಸವಾಲು ಬಂದದ್ದು ಅಡುಗೆಗೆ.

“ರೊಟ್ಟಿ ಯಾರು ಬಡೀಬೇಕು?” ಎಂದು ಭೀಮಶಾ ಕೇಳಿದ್ದ. ದಿನ ತುಂಬಿದ ಮಗಳು ಒಲೆಯ ಮುಂದೆ ಕೂಡುವ ಹಾಗಿರಲಿಲ್ಲ.

ಪಂಚಶೀಲಾ ಅವನ ಎರಡೂ ಕೈಗಳನ್ನು ನೋಡಿದ್ದಳು. “ಇವಕ್ಕೇನಾಗ್ಯದ್ರಿ ಕಾಕಾ?”

ಹಾಗೆ ಐವತ್ತು ವರ್ಷದ ಭೀಮಶಾ ಹಂಚಿನ ಮುಂದೆ ಕೂತ. ಮೊದಲ ದಿನದ ರೊಟ್ಟಿಗೆ ಮೂರು ಮೂಲೆಗಳಿದ್ದವು. ಎರಡನೇ ದಿನ ನಾಲ್ಕಾದವು. ನಿಂಬೆವ್ವ ಕಿಟಕಿಯಿಂದಲೇ “ನೀರ ಕಮ್ಮಿ ಆತ್ರಿ, ಮೆಲ್ಲಕ ಬಡೀರಿ,” ಎಂದು ಕೂಗಿ ಹೇಳುತ್ತಿದ್ದಳು. ಮೂವತ್ತು ವರ್ಷ ತಾನು ಬಡಿದದ್ದನ್ನು ಮಾತಾಡದೆ ಉಂಡು ಎದ್ದ ಗಂಡ, ಈಗ ತಾನು ಬಡಿದ ಒಂದು ರೊಟ್ಟಿ ತಿಂದು ಹೆಂಡತಿ ಏನೆನ್ನುತ್ತಾಳೋ ಎಂದು ಕಿಟಕಿಯ ಹೊರಗೆ ಕಾಯುತ್ತ ನಿಲ್ಲುತ್ತಿದ್ದ. ರುಚಿಯೇ ತಿಳಿಯದ ನಿಂಬೆವ್ವ ದಿನಾ “ಚಲೋ ಅದ,” ಎನ್ನುತ್ತಿದ್ದಳು.

ಮೊದಲ ಮೂರು ದಿನ ಕೋಣೆಯಲ್ಲಿ ಆಕೆಗೆ ಬೇನೆಗಿಂತ ತಲೆಯದೇ ಕಾಟ. ಕೈಗೆ ಕೊಟ್ಟ ಫೋನಿನಲ್ಲಿ ಸತ್ತವರ ಸುದ್ದಿ, ಸುಡಲು ಜಾಗವಿಲ್ಲದ ಸುದ್ದಿ. ನೋಡಬಾರದು ಅನ್ನಿಸಿದರೂ ಬೆರಳು ಅಲ್ಲಿಗೇ ಹೋಗುತ್ತಿತ್ತು. ನೋಡಿದ ಮೇಲೆ ಎದೆ ಡಬಡಬ. ಆರೋಗ್ಯ ಕೇಂದ್ರದಿಂದ ಕೊಟ್ಟ ಡಬ್ಬಿಯನ್ನು ಬೆರಳಿಗೆ ಹಾಕಿದರೆ ತೊಂಬತ್ತಾರು, ತೊಂಬತ್ತೇಳು. ಮೈ ಚೆನ್ನಾಗಿದೆ ಎಂದು ಅಂಕಿ ಹೇಳುತ್ತಿತ್ತು, ಮನಸ್ಸು ನಂಬುತ್ತಿರಲಿಲ್ಲ. ಪಂಚಶೀಲಾ ಕಿಟಕಿಯಿಂದ ದೂರ ನಿಂತು ವಿಚಾರಿಸಿದಾಗ ನಿಂಬೆವ್ವ ಕೇಳಿಯೇ ಬಿಟ್ಟಳು, “ನನಗ ಹುಚ್ಚು ಹಿಡಿಯಾಕತ್ತದೇನು ಯವ್ವಾ?”

“ಹುಚ್ಚಲ್ರಿ ಅಕ್ಕಾರ. ಇಂಥಾ ಹೊತ್ತಿನ್ಯಾಗ ಯಾರಿಗಿ ಅಂಜಿಕಿ ಬರಂಗಿಲ್ಲ? ನನಗ ಬರಂಗಿಲ್ಲೇನು? ನಾ ದಿನಾ ಮನಿಗಿ ಹೋಗಿ ಮೈ ತೊಳಕೊಂಡು, ಮಗಳಿಗಿ ದೂರದಿಂದ ನೋಡ್ತೇನಿ. ಒಮ್ಮೊಮ್ಮೆ ಬಚ್ಚಲದಾಗ ಕುಂತು ಅಳ್ತೇನಿ. ಅತ್ತ ಮ್ಯಾಲ ನಮ್ಮಕ್ಕಗ ಫೋನ್ ಹಚ್ಚಿ ಮಾತಾಡ್ತೇನಿ, ಹಗುರಾಗ್ತದ.” ಆಮೇಲೆ ನಿಂಬೆವ್ವನ ಕೈಯ ಫೋನು ತೋರಿಸಿ ಹೇಳಿದಳು. “ಆ ಫೋನಿನ್ಯಾಗಿನ ಸುದ್ದಿ ದಿನಕ್ಕ ಒಮ್ಮೆ ಸಾಕು, ಅದೂ ಹಗಲೊತ್ತಿನ್ಯಾಗ. ಉಳಿದ ಹೊತ್ತು ಅದರಾಗ ಮಗಳ ಜೋಡಿ ಮಾತಾಡ್ರಿ. ಕೈ ಖಾಲಿ ಇಡಬ್ಯಾಡ್ರಿ. ಹೊಲಿಯಾಕ ಬರ್ತದಲ್ಲ?”

ಬರುತ್ತದೆಯೇ ಎಂದರೆ! ನಿಂಬೆವ್ವ ಹಳೆಯ ಸೀರೆ ತರಿಸಿ ಕೂಸಿಗೆ ಹೊದಿಸಲು ಕೌದಿ ಹಾಕತೊಡಗಿದಳು. ಮುಗಿದ ಮೇಲೆ ಸಾಬೂನು ಹಾಕಿ ಕುದಿಯುವ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಕೂಸಿಗೆ ಏನೂ ಆಗದು ಎಂದು ಪಂಚಶೀಲಾ ಕೇಳಿಕೊಂಡು ಬಂದು ಹೇಳಿದ್ದಳು. ಮುಂಜಾನೆ ಕಿಟಕಿಯ ಬಿಸಿಲಲ್ಲಿ ಕೂತು ಹೊಲಿಗೆ, ಎದೆ ಬಡಿದಾಗ ಬೀಸುವ ಕಲ್ಲಿನ ಉಸಿರು, ಹೊತ್ತಿಗೆ ಸರಿಯಾಗಿ ಊಟ, ಸಂಜೆ ಅಂಗಳದ ಆಚೆ ತುದಿಯಲ್ಲಿ ಕೂತ ಮಗಳೊಂದಿಗೆ ಫೋನಿನಲ್ಲಿ ಹರಟೆ. ಗೋಜಲು ಪೂರ್ತಿ ಬಿಡಿಸಿತು ಎಂದಲ್ಲ. ನಿದ್ದೆ ಮಾತ್ರ ಬರತೊಡಗಿತು.

ಒಂಬತ್ತನೇ ದಿನ ಮುಂಜಾನೆ ಕೌದಿಯ ಅಂಚು ಹೊಲಿಯುತ್ತ ಕೂತಿದ್ದ ನಿಂಬೆವ್ವ ತಟ್ಟನೆ ತಲೆ ಎತ್ತಿದಳು. ಏನೋ ಒಂದು. ಏನೆಂದು ಮೊದಲು ತಿಳಿಯಲಿಲ್ಲ. ಸೂಜಿ ಕೈಯಲ್ಲೇ ನಿಂತಿತು. ಮೂಗು ಅರಳಿತು.

“ಏನ್ರಿ! ರೊಟ್ಟಿ ಸುಡಾಕತ್ತದ್ರಿ!” ಎಂದು ಆಕೆ ಓಣಿಗೆಲ್ಲ ಕೇಳುವ ಹಾಗೆ ಚೀರಿದಳು.

ಭೀಮಶಾ ಎಮ್ಮೆಗೆ ಮೇವು ಹಾಕಲು ಎದ್ದುಹೋಗಿ ಹಂಚು ಮರೆತಿದ್ದ. ಓಡಿ ಬಂದು ನೋಡಿದರೆ ರೊಟ್ಟಿ ಕಪ್ಪಗಾಗಿತ್ತು. “ತಪ್ಪಾತು ಮಾರಾಯ್ತಿ,” ಎನ್ನುತ್ತ ಇಳಿಸಿದವನಿಗೆ ಆಮೇಲೆ ಹೊಳೆಯಿತು. ಸುಟ್ಟ ರೊಟ್ಟಿ ಕೈಯಲ್ಲಿ ಹಿಡಿದೇ ಹಿತ್ತಲಿಗೆ ಓಡಿದ. ಕಿಟಕಿಯ ಒಳಗೆ ನಿಂಬೆವ್ವ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅಷ್ಟು ಚಂದದ ವಾಸನೆ ಜನ್ಮದಲ್ಲಿ ಮೂಸಿಲ್ಲ ಎಂದು ಆಕೆ ಈಗಲೂ ಹೇಳುತ್ತಾಳೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಹೆರಿಗೆ ನೋವು ಯಾರ ದಿನ ಮುಗಿಯಲಿ ಎಂದು ಕಾಯುತ್ತದೆ? ಹನ್ನೊಂದನೇ ದಿನ ಮುಂಜಾನೆ ಅನುರಾಧಾಳಿಗೆ ನೋವು ಶುರುವಾಯಿತು.

ಪಂಚಶೀಲಾ ಆಂಬುಲೆನ್ಸ್ ಕರೆಸಿದಳು. ಅಂಗಳ ದಾಟುವಾಗ ಅನುರಾಧಾ ಹಿತ್ತಲ ಕಿಟಕಿಯ ಕಡೆ ತಿರುಗಿ ನಿಂತಳು. “ಅವ್ವಾ, ನೀ ಬರಂಗಿಲ್ಲೇನವ್ವಾ?”

ಕಿಟಕಿಯ ಸರಳು ಹಿಡಿದ ನಿಂಬೆವ್ವನ ಬೆರಳು ಬಿಳಿಚಿಕೊಂಡವು. ಬಾಗಿಲಿಗೆ ಒಳಗಿನಿಂದ ಬರೀ ಚಿಲಕ. ತೆಗೆದು ಓಡಿದರೆ ತಡೆಯುವವರು ಯಾರೂ ಇಲ್ಲ. ಜ್ವರ ಇಲ್ಲ, ವಾಸನೆ ಬಂದಿದೆ, ಇನ್ನೇನು ಮೂರೇ ದಿನ. ಚಿಲಕದ ಮೇಲೆ ಕೈ ಹೋಯಿತು. ಆದರೆ ಡಾಕ್ಟರ ಬಾಯಿ ‘ಒಂದು ದಿನವೂ ಕಡಿಮೆ ಇಲ್ಲ’ ಎಂದಿದ್ದರು. ಹೊರಗೆ ನಿಂತದ್ದು ಮಗಳು ಒಬ್ಬಳೇ ಅಲ್ಲ, ಇಬ್ಬರು.

“ಪಂಚಶೀಲಾ ಅದಾಳಲ್ಲ ಯವ್ವಾ,” ಎಂದಳು. “ಆಕಿ ಕೈ ಹಿಡಿ. ನನ್ನ ಕೈ ಅಂತ ತಿಳಕೊಂಡು ಹಿಡಿ.”

ಗಾಡಿ ಹೋದ ಮೇಲೆ ಆಕೆ ಕೌದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತ ಅಳು ಅಷ್ಟಿಷ್ಟಲ್ಲ. ಬೇನೆಗೆ ಅಳಲಿಲ್ಲ, ವಿಧಿಗೂ ಅಳಲಿಲ್ಲ. ಲೆಕ್ಕ ಬಹಳ ಸರಳವಿತ್ತು. ರೊಟ್ಟಿ ಸುಟ್ಟ ದಿನವೇ ಬಾಯಿ ಬಿಟ್ಟು ಹೇಳಿ ಒಳಗೆ ಹೋಗಿದ್ದರೆ ಹದಿನಾಲ್ಕು ದಿನ ನಿನ್ನೆಗೇ ಮುಗಿದಿರುತ್ತಿತ್ತು. ಇವತ್ತು ಮಗಳ ಕೈ ಹಿಡಿದು ಗಾಡಿಯಲ್ಲಿ ಕೂತಿರುತ್ತಿದ್ದಳು. ಮುಚ್ಚಿಟ್ಟ ಆ ನಾಲ್ಕು ದಿನವೇ ಅವ್ವ ಮಗಳ ನಡುವೆ ಬಂದು ನಿಂತಿತ್ತು.

ಜೇವರ್ಗಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಆರಾಮ. ನಿಂಬೆವ್ವನ ಹದಿನಾಲ್ಕು ದಿನ ಮುಗಿದ ಮರುದಿನ ಮನೆಗೆ ಬಂದರು. ನಿಂಬೆವ್ವ ಮೈ ತೊಳೆದು, ಒಗೆದ ಸೀರೆ ಉಟ್ಟು, ಮಾಸ್ಕು ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಕೂಸನ್ನು ಎತ್ತಿಕೊಂಡು ಇಳಿದದ್ದು ಪಂಚಶೀಲಾ. ಅಂಗಳದವರೆಗೆ ಬಂದು, ರೂಢಿಯಂತೆ ಬೇವಿನ ಗಿಡದ ಹತ್ತಿರ ನಿಂತಳು.

“ಅಲ್ಲ್ಯಾಕ ನಿಂತಿ?” ಎಂದಳು ನಿಂಬೆವ್ವ. “ಅವತ್ತ ಕರದಾಗ ಬರಂಗಿಲ್ಲ ಅಂದಿ. ಅವತ್ತಿನಕಿಂತ ಮೊದಲ ನಾನೇ ಕರೀಲಿಲ್ಲ, ಅದು ನನ್ನ ತಪ್ಪು. ಈಗ ಒಳಗ ಬಾ ಯವ್ವಾ. ರೊಟ್ಟಿ ಮಾಡೇನಿ, ಬಿಸಿ ಅದಾವ.”

ಪಂಚಶೀಲಾ ಒಳಗೆ ಬಂದಳು. ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲಿ ಕೂತು ಉಂಡಳು. ರೊಟ್ಟಿ ಒಂದೂ ಸುಟ್ಟಿರಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ,

ಆ ಬೇನೆಯ ಕಾಟ ಈಗ ಇಳಿದಿದೆ. ನಾಳೆ ಇನ್ನೊಂದು ಬಂದರೂ ಬಂದೀತು. ಅದಕ್ಕೆ ಬೇರೆ ಹೆಸರಿರಬಹುದು, ಬೇರೆ ದಿನಗಳ ಲೆಕ್ಕ ಇರಬಹುದು. ನಿಮಗೂ ಗೋಜಲಾಗುತ್ತದೆ, ಅಂಜಿಕೆಯೂ ಆಗುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆಗ ಹತ್ತು ಬಾಯಿಯ ಮಾತು ಕೇಳಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು, ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ. ಗಾಳಿ ಬೆಳಕು ಬರಲಿ, ಕಿಟಕಿ ತೆಗೆದಿಡಿ. ಕೆಮ್ಮು ಜ್ವರ ಇದ್ದರೆ ಮಾಸ್ಕು ಹಾಕಿಕೊಂಡು ವಯಸ್ಸಾದವರಿಂದ, ಬಸುರಿಯರಿಂದ ದೂರವಿರಿ. ಲಸಿಕೆ ಹಾಕುತ್ತಾರೆ ಎಂದಾಗ ಹೋಗಿ ಹಾಕಿಸಿಕೊಳ್ಳಿ. ಫೋನಿನಲ್ಲಿ ಬಂದ ಮದ್ದನ್ನು ಮೂಗಿಗೂ ಬಿಡಬೇಡಿ, ಬಾಯಿಗೂ ಹಾಕಬೇಡಿ. ಸುದ್ದಿ ದಿನಕ್ಕೊಮ್ಮೆ ಸಾಕು. ಎದೆ ಭಾರವಾದರೆ ಮನೆಯವರೊಂದಿಗೆ ಮಾತಾಡಿ. ಅದೂ ಆಗದಿದ್ದರೆ 14416ಕ್ಕೆ ಫೋನು ಮಾಡಿ, ಆಚೆ ಕಡೆ ನಿಮ್ಮ ಮಾತು ಕೇಳುವವರಿದ್ದಾರೆ, ದುಡ್ಡು ಕೊಡಬೇಕಿಲ್ಲ. ಆರೋಗ್ಯದ ಸಲಹೆಗೆ 104, ಉಸಿರಿಗೆ ತೊಂದರೆಯಾದರೆ ತಡ ಮಾಡದೆ 108.

ಮತ್ತು ಮೈಯಲ್ಲಿ ಏನೋ ಬದಲಾಗಿದೆ ಅನ್ನಿಸಿದ ದಿನವೇ ಬಾಯಿ ಬಿಟ್ಟು ಹೇಳಿ. ನಿಂಬೆವ್ವನ ಮೊಮ್ಮಗಳು ಈಗ ಅಂಗಳದ ತುಂಬ ಓಡಾಡುತ್ತಾಳೆ. ಆದರೆ ಆಕೆ ಹುಟ್ಟಿದ ಗಳಿಗೆಯಲ್ಲಿ ತಾನು ಅಲ್ಲಿರಲಿಲ್ಲ ಎಂಬ ಮಾತು ಬಂದಾಗಲೆಲ್ಲ ನಿಂಬೆವ್ವ ಹಂಚಿನ ಕಡೆ ತಿರುಗಿಬಿಡುತ್ತಾಳೆ. ಆಕೆ ಮುಚ್ಚಿಟ್ಟು ಕಳೆದದ್ದು ನಾಲ್ಕೇ ದಿನ. ನೀವು ಒಂದು ದಿನವನ್ನೂ ಹಾಗೆ ಕಳೆಯಬೇಡಿ.